ನತಾಲಿ ಅಕ್ಕೋರ ಮೂರನೆಯ ಕರೆ

ಊದಿ ಆರಿಸಿದ ಮೇಣದ ಬತ್ತಿಯ ವಾಸನೆ ನನಗೆ ಆಗುವುದಿಲ್ಲ. ಮೊನ್ನೆ ಮೊಮ್ಮಗಳು ಚೈತ್ರಾಳ ಹುಟ್ಟುಹಬ್ಬಕ್ಕೆ ಸೊಸೆ ಹೊನ್ನಾವರ ಪೇಟೆಯಿಂದ ಕೇಕು ತರಿಸಿದ್ದಳು. ಹುಡುಗಿ ಬತ್ತಿಗಳನ್ನು ಊದಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಎದ್ದು ಹಿತ್ತಲಿಗೆ ಹೋದೆ. "ಅತ್ತೆಗೆ ಎಂತ ಆತು?" ಎಂದು ಸೊಸೆ ಕೇಳಿದ್ದು ಕಿವಿಗೆ ಬಿತ್ತು. "ಇಂದು ಸೋಮವಾರ ಅಲ್ವಾ, ಮೊಟ್ಟೆ ಹಾಕಿದ್ದು ತಿನ್ನೂದಿಲ್ಲ" ಎಂದ ಮಗ. ಅವನಿಗೆ ಅಷ್ಟೇ ಗೊತ್ತು. ಆ ವಾಸನೆ ಬಂದರೆ ನನಗೆ ನತಾಲಿಯ ಮನೆಯ ನಡುಕೋಣೆ ಕಾಣುತ್ತದೆ, ಒಂದು ಮಳೆಗಾಲ ಕಾಣುತ್ತದೆ, ಹಳೆಯ ಹೊಟ್ಟೆಕಿಚ್ಚು ಒಳಗೆ ಎದ್ದು ಕೂರುತ್ತದೆ. ಅದು ಇನ್ನೂ ಆರಿಲ್ಲ. ಆರಲಿ ಎಂದು ನಾನು ಹರಕೆಯನ್ನೂ ಹೊತ್ತಿಲ್ಲ.

ನತಾಲಿ ಎಂದರೆ ಊರಿಗೆ ನತಾಲಿ ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಅವಳು ಸತ್ತು ಕೆಲವು ವರ್ಷವಾಯಿತು. ಅವಳು ಬರೆದ ಪುಸ್ತಕಗಳು ಈಗ ಮತ್ತೆ ಅಚ್ಚಾಗಿವೆ. ಪೇಪರಿನಲ್ಲಿ ಅವಳನ್ನು ಕ್ರೈಸ್ತ ಅನುಭಾವಿ ಎಂದು ಬರೆದಿದ್ದರು. ಹಾಗೆಂದರೆ ಎಂತ ಎಂದು ಚೈತ್ರಾಳನ್ನು ಕೇಳಿದೆ. ದೇವರನ್ನು ಓದಿ ತಿಳಿದವರಲ್ಲ ಅಜ್ಜಿ, ಮುಟ್ಟಿ ತಿಳಿದವರು ಎಂದಳು. ನತಾಲಿ ದೇವರನ್ನು ಮುಟ್ಟಿದ್ದಳೋ ಇಲ್ಲವೋ ನಾನು ಕಂಡಿಲ್ಲ. ನತಾಲಿಯ ಜ್ವರದ ಹಣೆಯನ್ನು ಮುಟ್ಟಿದವಳು ನಾನು. ಅದನ್ನು ಯಾವ ಪೇಪರಿನವರೂ ಬರೆಯಲಿಲ್ಲ.

ನಾನು ಹುಟ್ಟಿದ್ದು ಹಿರೇಗುತ್ತಿಯಲ್ಲಿ. ಸಣ್ಣವಳಿರುವಾಗಲೇ ಹೊನ್ನಾವರದ ಸೋದರಮಾವನ ಮನೆಗೆ ಬಂದೆ, ಮುಂದೆ ಮಾವನ ಮಗನನ್ನೇ ಮದುವೆಯಾಗಿ ಅಲ್ಲೇ ಉಳಿದೆ. ನತಾಲಿಯ ಅಪ್ಪ ದೋಣಿ ಕಟ್ಟುವ ಬಡಗಿ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ದಣಪೆ. ಅದರ ಬಿದಿರಿನ ಗಳ ಸರಿಸಿ ದಾಟಿದರೆ ಅವರ ಹಿತ್ತಲ ಬಾಗಿಲು. ನಾವಿಬ್ಬರೂ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಮೂರನೆಯ ಕ್ಲಾಸಿಗೆ ನನ್ನನ್ನು ಬಿಡಿಸಿ ಗದ್ದೆಗೆ ಕಳಿಸಿದರು, ಅವಳು ಮುಂದೆ ಹೋದಳು. ಸಂಜೆ ಬಂದು ಆ ದಿನ ಕಲಿತದ್ದನ್ನು ಹಟ ಹಿಡಿದು ನನಗೂ ಕಲಿಸುತ್ತಿದ್ದಳು. ನಾನು ಓದುವ ಅಷ್ಟಿಷ್ಟು ಅಕ್ಷರ ಅವಳ ಕೈಯಿಂದ ಬಂದದ್ದು. ಅವಳು ಕಲಿಸದೆ ಇದ್ದಿದ್ದರೆ ಅವಳ ಪುಸ್ತಕ ಓದಿ ಹೊಟ್ಟೆ ಉರಿಸಿಕೊಳ್ಳುವ ಕೆಲಸ ನನಗೆ ಇರುತ್ತಿರಲಿಲ್ಲ.

ಅವಳಿಗೆ ಮೊದಲು ಕೆಲಸ ಸಿಕ್ಕಿದ್ದು ಭಟ್ಕಳದ ಹತ್ತಿರ, ಬೆಳಕೆಯ ಶಾಲೆಯಲ್ಲಿ. ಸಮುದ್ರದ ಬದಿಗೆ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಅಲ್ಲಿ ಒಮ್ಮೆ ಜ್ವರ ಬಂದು ಮಲಗಿದಾಗ ಯಾರೋ ಬಂದು ಹಾಸಿಗೆಯ ಪಕ್ಕ ಕೂತ ಹಾಗೆ ಆಯಿತಂತೆ. ಮುಖ ಇಲ್ಲ, ಮಾತಿಲ್ಲ, ಕೂತದ್ದು ಮಾತ್ರ. ಜ್ವರ ಬಿಟ್ಟ ದಿನ ಕೂತವನೂ ಎದ್ದು ಹೋದ. ಅದರ ನಂತರ ಅವಳು ಜನ್ಮವಿಡೀ ಅವನನ್ನು ಕರೆದಳು. ಮದುವೆಯಾಗಲಿಲ್ಲ, ಮಠದ ಸಿಸ್ಟರೂ ಆಗಲಿಲ್ಲ. ಅಪ್ಪನ ಮನೆಗೇ ತಿರುಗಿ ಬಂದು, ದಿನಾ ಬಸ್ಸಿನಲ್ಲಿ ಹೋಗಿ ಕುಮಟೆಯ ಶಾಲೆಯಲ್ಲಿ ಕಲಿಸಿದಳು, ನಿವೃತ್ತಿಯಾಗಿ ಮನೆಯಲ್ಲೇ ಕೂತಳು, ಬರೆದಳು. ಬರೆದದ್ದೆಲ್ಲ ಒಂದೇ ಮಾತು. ಒಮ್ಮೆ ಬಂದವನು ಮತ್ತೆ ಯಾಕೆ ಬರುವುದಿಲ್ಲ, ಕರೆದರೆ ಯಾಕೆ ಓಗೊಡುವುದಿಲ್ಲ.

ನನ್ನ ಗಂಡ ಕೆಲವು ಕಾಲ ಇನ್ನೊಬ್ಬಳ ಮನೆಗೆ ಹೋಗುತ್ತಿದ್ದ. ಆಗಲೂ ನನಗೆ ಇಷ್ಟು ಉರಿದಿರಲಿಲ್ಲ. ಆ ಹೆಂಗಸಿಗೆ ಒಂದು ಮುಖವಾದರೂ ಇತ್ತು, ಸಂತೆಯಲ್ಲಿ ಸಿಕ್ಕಿದರೆ ಬೈಯಬಹುದಿತ್ತು. ನತಾಲಿಯ ಇವನನ್ನು ಎಲ್ಲಿ ಹಿಡಿದು ಬೈಯುವುದು?

ಅವಳ ಮೊದಲ ಪುಸ್ತಕ "ಬಾಗಿಲ ಬಳಿಯ ಪ್ರಾರ್ಥನೆಗಳು" ಮಂಗಳೂರಿನಲ್ಲಿ ಅಚ್ಚಾಗಿ ಬಂದಾಗ ಒಂದನ್ನು ನನಗೆ ಕೊಟ್ಟಳು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅದರಲ್ಲಿ ಹೀಗಿತ್ತು: ಅವನು ಮುಂಬಾಗಿಲಿಗೆ ಬರುವವನಲ್ಲ, ನೆರೆಮನೆಯವಳು ಹೆಪ್ಪು ಕೇಳಲು ಬಂದ ಹಾಗೆ ಹಿತ್ತಲಿಂದ ಬರುತ್ತಾನೆ, ಬೇಡುವವನ ಹಾಗೆ ಬಂದು ಕೊಟ್ಟು ಹೋಗುತ್ತಾನೆ. ನಾನು ಪುಸ್ತಕ ಹಿಡಿದುಕೊಂಡೇ ದಣಪೆ ದಾಟಿದೆ.

"ಏ ನತಾಲಿ, ಹೆಪ್ಪು ಕೇಳೂಕೆ ಬರೂದು ನಾನಲ್ವನೆ?"

"ಹೌದು."

"ಮತ್ತೆ ಅವನು ಬಂದ ಅಂತ ಬರ್ದಿದ್ದೆ?"

"ಅದು ಉಪಮೆ ಮಾರಾಯ್ತಿ."

"ಉಪಮೆಗೆ ನನ್ನ ಹೆಪ್ಪೇ ಬೇಕಾಗಿತ್ತಾ? ಇಗರ್ಜಿಯಲ್ಲಿ ಅಷ್ಟೆಲ್ಲ ಸಾಮಾನಿದ್ದು, ಅದರಲ್ಲಿ ಒಂದು ತಗೊಳ್ಳೂಕೆ ಆಗ್ಲಿಲ್ವಾ?"

ಅವಳು ನಕ್ಕಳು. ಮುಂದಿನ ಪುಸ್ತಕದಲ್ಲಿ, ಮಳೆ ಬರುವುದು ನನಗಿಂತ ಮೊದಲು ಅವನಿಗೆ ತಿಳಿಯುತ್ತದೆ, ಒಣಗಲು ಹಾಕಿದ್ದನ್ನು ಅವನೇ ಒಳಗೆ ತಂದಿಡುತ್ತಾನೆ ಎಂದು ಬರೆದಳು. ಅವಳು ಶಾಲೆಯಿಂದ ಬರುವ ಮೊದಲು ಅವಳ ಸೀರೆ, ಲಂಗಗಳನ್ನು ಒಳಗೆ ತಂದಿಡುತ್ತಿದ್ದವಳೂ ನಾನೇ. ಕೊನೆಗೆ ಕೇಳುವುದನ್ನು ಬಿಟ್ಟೆ. ಇಗರ್ಜಿಯಲ್ಲಿ ಅವರ ಪ್ರಾರ್ಥನೆಯೆಲ್ಲ ಕೊಂಕಣಿಯಲ್ಲಿ. ಮನೆಯಲ್ಲಿ ಒಬ್ಬಳೇ ಅವನ ಹತ್ತಿರ ಮಾತಾಡುವಾಗ ಮಾತ್ರ ಅವಳಿಗೆ ನಮ್ಮ ಕನ್ನಡ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಕೊಂಕಣಿ ಅಪ್ಪ ಅಮ್ಮ ಕಲಿಸಿದ್ದು. ಇದು ನಿನ್ನ ಕೂಡೆ ಆಡ್ತಾ ಕಲ್ತದ್ದು. ಇದರಲ್ಲಿ ನಾಚಿಕೆ ಆಗೂದಿಲ್ಲ" ಎಂದಳು. ನನ್ನ ಕೂಡೆ ಕಲಿತ ಮಾತನ್ನು ತೆಗೆದುಕೊಂಡು ಹೋಗಿ ಅವನಿಗೆ ಕೊಟ್ಟಳು. ನನಗೆ ಹೇಗಾಗಿರಬೇಡ.

ನಾನು ಹೇಳುವ ಮಳೆಗಾಲ ಅವಳ ಕೊನೆಯದು. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಗುಡ್ಡ ಕಡಿದ ಕೆಂಪು ನೀರು ಊರಿನ ಚರಂಡಿಗಳಿಗೆಲ್ಲ ನುಗ್ಗುತ್ತಿತ್ತು, ಬಸ್ಸಿನವರು ನಿಂತಲ್ಲೇ ನಿಂತಿರುತ್ತಿದ್ದರು. ಗಾಳಿಗೆ ದಿನಾ ಕರೆಂಟು ಹೋಗುತ್ತಿತ್ತು. ದೋಣಿಗಳು ಸಮುದ್ರಕ್ಕೆ ಇಳಿಯುತ್ತಿರಲಿಲ್ಲ, ಪೇಟೆಯಲ್ಲಿ ಒಣಮೀನು ಬಿಟ್ಟರೆ ಏನೂ ಇಲ್ಲ. ನತಾಲಿಗೆ ಎದೆಯ ಕಾಯಿಲೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಣ್ಣೂ ಮಂಜಾಗಿತ್ತು, ಕೈ ನಡುಗುತ್ತಿತ್ತು. ಬರೆಯಲು ಒಂದು ಪುಸ್ತಕ ಬಾಕಿ ಇದೆ, ಅದೊಂದನ್ನು ಮುಗಿಸಿ ಹೋಗುತ್ತೇನೆ ಎನ್ನುತ್ತಿದ್ದಳು. ಅವಳು ಬಾಯಲ್ಲಿ ಹೇಳುವುದನ್ನು ಬರೆದುಕೊಳ್ಳಲು ಇಗರ್ಜಿಯ ಸಣ್ಣ ಪಾದ್ರಿ ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬರತೊಡಗಿದ. ಮಂಗಳೂರಿನ ಕಡೆಯವನು, ಮರ್ಯಾದಸ್ಥ. ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಅಲ್ಲಿಯವರೆಗೆ ಬೆಳಗಿನ ಹೊತ್ತು ನನ್ನದು. ಗದ್ದೆಯ ನೆಟ್ಟಿ ಇರಲಿ, ಮನೆಯಲ್ಲಿ ನೆಂಟರಿರಲಿ, ನಾನು ಹೋಗಿ ಅವಳಿಗೆ ಗಂಜಿ ಬೇಯಿಸಿ, ತಲೆ ಬಾಚಿ, ಊರಿನ ಸುದ್ದಿ ಹೇಳಿ ಬರುತ್ತಿದ್ದೆ. ಪಾದ್ರಿ ಬಂದ ಮೇಲೆ "ಮಾದೇವಿ, ಅವರು ಇರುವಾಗ ಒಳಗೆ ಬರಬೇಡ, ಮಾತು ತಪ್ಪಿಹೋಗ್ತದೆ" ಎಂದಳು. ನಾನು ಅಡುಗೆಮನೆಯಲ್ಲೇ ಉಳಿದೆ. ಒಂದು ದಿನ ಪಾದ್ರಿ ಬಾಗಿಲಿಗೆ ಬಂದು ನಿಂತ.

"ಆಂಟಿ, ಪಾತ್ರೆ ಸ್ವಲ್ಪ ಮೆಲ್ಲ ತೊಳೀಲಿಕ್ಕೆ ಆಗ್ತದಾ?"

"ಮೆಲ್ಲ ತೊಳೆದ್ರೆ ಜಿಡ್ಡು ಹೋಗೂದಿಲ್ಲ ಪಾದ್ರಿ. ನೀವು ಮೆಲ್ಲ ಬರೀರಿ."

ಆಷಾಢದ ಒಂದು ಮಧ್ಯಾಹ್ನ ಪಾದ್ರಿ ಹೋದದ್ದನ್ನು ನೋಡಿಕೊಂಡು, ಮನೆಯಿಂದ ಪಾತ್ರೆಯಲ್ಲಿ ಗಂಜಿ, ಒಣ ಸಿಗಡಿಯ ಚಟ್ನಿ ಹಿಡಿದುಕೊಂಡು ಹೋದೆ. ಮಳೆಗೆ ಒದ್ದೆಯಾಗಿದ್ದೆ, ಶೀತವಾಗಿ ಗಂಟಲು ಕಟ್ಟಿತ್ತು. ಅವಳು ನಡುಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು.

"ಅಲ್ಲೇ ಇಡು, ಮಾದೇವಿ. ಆಮೇಲೆ ಬಾ. ಅವನ ಕೂಡೆ ಇದ್ದೆ."

"ಯಾರ ಕೂಡೆ? ಪಾದ್ರಿ ಹೋಗಾತಲ್ಲ."

"ಗೊತ್ತಿದ್ದೂ ಕೇಳ್ತೆ."

ಜೀವನವಿಡೀ ನುಂಗಿದ್ದು ಆ ದಿನ ಗಂಟಲಿಗೆ ಬಂತು. "ಹಂಗಾರೆ ಗಂಜಿಯನ್ನೂ ಅವನೇ ತರ್ಲಿ. ನಿನ್ನ ಬೆನ್ನು ತಿಕ್ಕೂಕೆ, ಉಚ್ಚೆ ಬಟ್ಟೆ ಒಗೆಯೂಕೆ ಅವನಿಗೇ ಹೇಳು. ನಾ ಇನ್ನು ಈ ದಣಪೆ ದಾಟೂದಿಲ್ಲ" ಎಂದೆ. ಅವಳು ಕಣ್ಣು ಬಿಡಲಿಲ್ಲ. ಬಿಟ್ಟಿದ್ದರೆ ನಾನು ನಿಲ್ಲುತ್ತಿದ್ದೆ. ಪಾತ್ರೆಯನ್ನು ಅಡುಗೆಮನೆಯಲ್ಲಿ ಕುಕ್ಕಿ ಮನೆಗೆ ಬಂದೆ.

ಸಂಜೆ ಸೊಸೆ ಹಾಲು ಕಾಸಲು ಆ ಪಾತ್ರೆ ಹುಡುಕಿದಳು. ಬೇರೆ ಪಾತ್ರೆ ಇರಲಿಲ್ಲವೆಂದಲ್ಲ. ತಂದುಬಿಡುತ್ತೇನೆ ಎಂದು ಹೊರಟೆ. ಮುಸ್ಸಂಜೆ. ಕರೆಂಟಿರಲಿಲ್ಲ. ಅವಳ ಅಡುಗೆಮನೆಗೆ ತಗಡಿನ ಮಾಡು, ಮಳೆ ಅದರ ಮೇಲೆ ಅಕ್ಕಿ ಸುರಿದ ಹಾಗೆ ಬೀಳುತ್ತಿತ್ತು. ಒಳಗೆ ಕಾಲಿಟ್ಟು ಕತ್ತಲಲ್ಲಿ ಕೈಯಾಡಿಸಿ ಪಾತ್ರೆ ಹುಡುಕಿದೆ. ಗಂಜಿ ಖಾಲಿಯಾಗಿತ್ತು. ಉಂಡಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ನಡುಕೋಣೆಯಿಂದ ಅವಳ ದನಿ.

"ಇದ್ಯಾ?"

ನಮ್ಮ ಊರಿನಲ್ಲಿ ನೆರೆಯವರ ಮನೆಯ ಬಾಗಿಲಿಗೆ ಹೋದರೆ ಹೀಗೇ ಕೇಳುವುದು. ನಾನು ಬಂದದ್ದು ಗೊತ್ತಾಯಿತು ಎಂದುಕೊಂಡೆ. ಆದರೆ ಓಗೊಡಲಿಲ್ಲ. ಸಿಟ್ಟು ಒಂದು ಕಾರಣ. ಇನ್ನೊಂದು, ಹಿರೇಗುತ್ತಿಯ ನನ್ನ ಅಜ್ಜಿ ಕಲಿಸಿದ ಪದ್ಧತಿ. ಮುಸ್ಸಂಜೆಯಲ್ಲಿ ಯಾರು ಕರೆದರೂ ಒಂದನೆಯದಕ್ಕೂ ಎರಡನೆಯದಕ್ಕೂ ಬಾಯಿ ಬಿಡಬಾರದು. ಗಾಳಿ, ಸೋಂಕು, ದೆವ್ವ ಎಲ್ಲ ಎರಡು ಸಲ ಮಾತ್ರ ಕರೆಯುತ್ತವೆ. ಮೂರನೆಯ ಸಲ ಕರೆದರೆ ಅದು ಮನುಷ್ಯರು. ಎಷ್ಟು ವಯಸ್ಸಾದರೂ ನನ್ನ ನಾಲಿಗೆಗೆ ಆ ಕಟ್ಟು ಬಿಟ್ಟಿಲ್ಲ.

"ಇದ್ಯಾ?" ಎರಡನೆಯ ಸಲ.

ಸುಮ್ಮನಿದ್ದೆ. ಬಹಳ ಹೊತ್ತಾಯಿತು. ಇನ್ನು ಕರೆಯುವುದಿಲ್ಲ ಎಂದು ಪಾತ್ರೆ ಎತ್ತಿಕೊಳ್ಳುವಾಗ ಮೂರನೆಯದು ಬಂತು. ಮೊದಲಿನ ಎರಡರ ಹಾಗೆ ಇರಲಿಲ್ಲ ಅದು. ಹೆದರಿದ ಮಗುವಿನ ದನಿಯ ಹಾಗಿತ್ತು.

"ಇಲ್ಲೇ ಇದ್ನಲ, ಎಂತ?" ಎಂದೆ. ಕಟ್ಟಿದ ಗಂಟಲು, ದನಿ ಗೊಗ್ಗರಾಗಿ ಹೊರಟಿತು.

ಆ ಕಡೆಯಿಂದ ಮಾತಿಲ್ಲ. ಮೇಣದ ಬತ್ತಿಯ ಬೆಳಕು ಬಾಗಿಲ ಸಂದಿಯಲ್ಲಿ ಅಲ್ಲಾಡುತ್ತಿತ್ತು. ಅದು ಆರಿ ಹೊಗೆಯ ವಾಸನೆ ಅಡುಗೆಮನೆಗೆ ಬಂತು. ಕರೆದು ಕರೆದು ಈಗ ಬಿಂಕ ಮಾಡುತ್ತಾಳೆ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು. ಪಾತ್ರೆ ತೆಗೆದುಕೊಂಡು ಬಂದುಬಿಟ್ಟೆ.

ಮರುದಿನ ಬೆಳಿಗ್ಗೆ ನೋಡಿದರೆ ನತಾಲಿ ಬೇಲಿ ಹಿಡಿದುಕೊಂಡು, ಕೊಡೆಯನ್ನೂ ಸರಿಯಾಗಿ ಹಿಡಿಯದೆ, ದಣಪೆ ದಾಟಿ ಬರುತ್ತಿದ್ದಾಳೆ. ಬಚ್ಚಲಿಗೆ ಹೋಗಲೂ ಆಗದವಳು. ನಮ್ಮ ಜಗಲಿಯಲ್ಲಿ ಕೂತು ಉಸಿರು ತಿರುಗಿಸಿಕೊಂಡು ನನ್ನ ಕೈ ಹಿಡಿದಳು. ಆ ಮುಖವನ್ನು ನಾನು ಮರೆಯುವುದಿಲ್ಲ. ಅರಿಶಿನ ಹಚ್ಚಿ ಮೀಸಿದ ಮದುಮಗಳ ಮುಖ.

"ನಂಗೆ ಯಾರ ಮೇಲೂ ಸಿಟ್ಟಿಲ್ಲ ಮಾದೇವಿ. ಇನ್ನು ಯಾರ ಮೇಲೂ ಇಲ್ಲ."

"ಸಿಟ್ಟು ಮಾಡೂಕೆ ನಾ ಎಂತ ಮಾಡಿದ್ದೆ? ಬಾ, ಚಾ ಕುಡಿ."

ಒಳಗೊಳಗೇ ನಾನು ಹಿಗ್ಗಿದೆ. ನನಗಾಗಿ ಬಂದಳು, ಈ ಮಳೆಯಲ್ಲಿ, ಈ ಎದೆ ಇಟ್ಟುಕೊಂಡು, ನನಗಾಗಿ ಬಂದಳು. ಅವನ ಕೂಡೆ ಕೂತದ್ದನ್ನು ಬಿಟ್ಟು ಎದ್ದು ಬಂದಳು.

ಆಮೇಲಿನ ದಿನಗಳಷ್ಟು ಒಳ್ಳೆಯ ದಿನಗಳು ನಮ್ಮಿಬ್ಬರಿಗೆ ಚಿಕ್ಕಂದಿನಿಂದ ಬಂದಿರಲಿಲ್ಲ. ಅವಳು ಉಂಡಳು, ನಿದ್ದೆ ಮಾಡಿದಳು, ನಕ್ಕಳು. ನಾನು ಬಸಳೆ ಸೋಸುತ್ತ ನೆಟ್ಟಿಯ ಹಾಡು ಹೇಳಿದರೆ ಏದುಸಿರಿನಲ್ಲೇ ದನಿ ಸೇರಿಸುತ್ತಿದ್ದಳು. ಹೆದ್ದಾರಿಯ ಕೆಸರಲ್ಲಿ ಬಿದ್ದ ಇಂಜಿನಿಯರನ ಸುದ್ದಿ ಹೇಳಿದಾಗ ನಕ್ಕು ನಕ್ಕು ಕೆಮ್ಮು ಬಂದು ನಾನು ಬೆನ್ನು ನೀವಬೇಕಾಯಿತು. ನನಗೂ ಮನಸ್ಸು ಹಗುರಾಗಿ ಪಾದ್ರಿಯ ಚಾಕ್ಕೆ ಸಕ್ಕರೆ ಹೆಚ್ಚು ಹಾಕತೊಡಗಿದೆ. ಪಾತ್ರೆಗಳನ್ನು ಅವನು ಹೋದ ಮೇಲೆ ತೊಳೆಯುತ್ತಿದ್ದೆ. ಕಡೆಗೂ ನಾನು ಗೆದ್ದೆ ಎಂದುಕೊಂಡಿದ್ದೆ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಪಾದ್ರಿ, ಅವಳು ಹೇಳಿ ಬರೆಸಿದ್ದನ್ನು ಅವಳಿಗೇ ಓದಿ ತೋರಿಸುತ್ತಿದ್ದ. ನಡುವಿನ ಬಾಗಿಲು ತೆರೆದಿತ್ತು. ನಾನು ಒಲೆಯ ಮುಂದೆ ಇದ್ದೆ. ಅವನು ಓದಿದ್ದು ಇದು.

"ಆ ದಿನ ಮನೆಯಲ್ಲಿ ಯಾರೂ ಇರಲಿಲ್ಲ. ನನಗಿದ್ದ ಒಬ್ಬಳೇ ಗೆಳತಿಯೂ ಸಿಟ್ಟು ಮಾಡಿಕೊಂಡು ಹೋಗಿದ್ದಳು. ಕರೆದೆ. ಮೊದಲ ಕರೆಗೆ ಮಳೆ ಮಾತ್ರ. ಎರಡನೆಯ ಕರೆಗೂ ಮಳೆ. ಮೂರನೆಯ ಕರೆಗೆ ಮಳೆಯೊಳಗಿಂದ ಒಂದು ದನಿ ಬಂತು. ಇಲ್ಲೇ ಇದ್ನಲ, ಎಂತ ಎಂದು ಕೇಳಿತು. ಜನ್ಮವೆಲ್ಲ ಕಾದದ್ದು ಈ ಒಂದು 'ಎಂತ'ಕ್ಕೆ. ಮೊದಲ ಕರೆಯಲ್ಲಿ ನಮ್ಮ ಬೇಡಿಕೆ ಇರುತ್ತದೆ, ಎರಡನೆಯದರಲ್ಲಿ ನಮ್ಮ ಅಹಂಕಾರ. ಎರಡೂ ತೀರಿದ ಮೇಲೆ ಬರುವ ಮೂರನೆಯದೇ ಕರೆ. ಅವನು ಅದಕ್ಕೆ ಮಾತ್ರ ಓಗೊಡುತ್ತಾನೆ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನನಗೆ ಮೊದಲು ಹೊಳೆದದ್ದು ನನ್ನ ದನಿಯ ವಿಷಯ ಅಲ್ಲ. ಆ ಬೆಳಿಗ್ಗೆ ಅವಳು ದಣಪೆ ದಾಟಿ ಬಂದದ್ದು ನನಗಾಗಿ ಅಲ್ಲ. ಆ ಮದುಮಗಳ ಮುಖ ನನಗಾಗಿ ಅಲ್ಲ. ಅವನು ಓಗೊಟ್ಟ ಎಂಬ ಸಂತೋಷ ಉಕ್ಕಿ, ಉಳಿದದ್ದರಲ್ಲಿ ನನಗೊಂದು ಪಾಲು ಸಿಕ್ಕಿತ್ತು ಅಷ್ಟೆ. ಹಿಟ್ಟು ಅರೆದ ಮೇಲೆ ಕಲ್ಲು ತೊಳೆದ ನೀರನ್ನು ದನಕ್ಕೆ ಹೊಯ್ಯುತ್ತಾರಲ್ಲ, ಹಾಗೆ.

ಹೇಳಬೇಕೋ ಬೇಡವೋ ಎಂದು ಎರಡು ಮೂರು ದಿನ ಬಾಯಿ ಕಟ್ಟಿಕೊಂಡೆ. ಅವಳ ಎದೆ ಯಾವಾಗ ನಿಲ್ಲುತ್ತದೋ ಗೊತ್ತಿಲ್ಲ. ಅವಳಿಗೆ ಇರುವುದು ಆ ಒಂದೇ ಉತ್ತರ. ಅದನ್ನು ಕಿತ್ತುಕೊಂಡರೆ ಅವಳ ಕೈಯಲ್ಲಿ ಎಂತ ಉಳಿಯಿತು? ಹಾಗೆಂದು ಸುಮ್ಮನಿದ್ದರೆ ಪುಸ್ತಕ ಅಚ್ಚಾಗುತ್ತದೆ, ನನ್ನ ಹೆಪ್ಪು ಹೋದ ಹಾಗೆ ನನ್ನ ಗಂಟಲೂ ಅವನದ್ದಾಗುತ್ತದೆ. ಅವಳ ತಲೆ ಬಾಚುತ್ತಿದ್ದಾಗ ಹೇಳಿಬಿಟ್ಟೆ.

"ಆ ದಿನ ಮುಸ್ಸಂಜೆ 'ಎಂತ' ಅಂದವಳು ನಾನು."

"ಯಾವ ದಿನ?"

"ನೀ ಬರೆಸಿದ ದಿನ. ಪಾತ್ರೆ ತಗೊಂಡು ಹೋಗೂಕೆ ಬಂದಿದ್ದೆ. ಶೀತ ಆಗಿತ್ತು, ದನಿ ಗೊಗ್ಗರಿತ್ತು. ನೀ ನನ್ನ ಕರೆದೆ ಅಂದ್ಕಂಡೆ."

ಅವಳ ತಲೆ ನನ್ನ ಕೈಯಡಿಯಲ್ಲಿ ಕಲ್ಲಿನ ಹಾಗೆ ನಿಂತಿತು. ಬಾಚುವುದನ್ನು ಬಿಡಲಿಲ್ಲ ನಾನು.

"ಮೊದಲಿನ ಎರಡು ಕರೆ ಕೇಳಿತ್ತಾ ನಿಂಗೆ?"

"ಕೇಳ್ತು."

"ಮತ್ತೆ ಸುಮ್ಮನಿದ್ದೆ?"

"ಮುಸ್ಸಂಜೆಯಲ್ಲಿ ಮೂರನೇದಕ್ಕೇ ಓಗೊಡೂದು ನಮ್ಮಲ್ಲಿ. ನಿಂಗೆ ಗೊತ್ತಿಲ್ವಾ? ನಮ್ಮ ಜಗಲಿಯಲ್ಲೇ ಬೆಳೆದವಳು."

ಗೊತ್ತಿದ್ದದ್ದೇ. ಅವಳು ಮರೆತಿದ್ದಳು. ನಾನು ಜಡೆ ಹೆಣೆದು ಮುಗಿಸಿದ ಮೇಲೆ ಹೇಳಿದಳು. "ಬರೂದಿಲ್ಲ ಅಂದವಳು ಅದೇ ಹೊತ್ತಿಗೆ ಬಂದೆಯಲ್ಲ. ಅದು ಹೆಂಗೆ ಬಂದೆ? ಯಾರು ಕಳ್ಸಿದ್ರು?"

ಇದನ್ನು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಂಗೆ ಕಾಲಿಲ್ವಾ? ನನ್ನ ಕಾಲಲ್ಲಿ ನಾ ಬಂದೆ. ಹೊಟ್ಟೆ ಉರೀತಿತ್ತು, ಅದಕ್ಕೆ ಬಂದೆ. ನೀ ಉಂಡ್ಯಾ ಇಲ್ವಾ ನೋಡೂಕೆ ಬಂದೆ, ಪಾತ್ರೆ ಒಂದು ನೆಪ. ಅದನ್ನೂ ತಗೊಂಡು ಹೋಗಿ ಅವನಿಗೆ ಕೊಡಬೇಡ ನತಾಲಿ. ನನ್ನ ಹೆಪ್ಪು ಕೊಟ್ಟೆ, ಬಟ್ಟೆ ತಂದದ್ದು ಕೊಟ್ಟೆ, ನನ್ನ ಮಾತು ಕೊಟ್ಟೆ. ಇದೊಂದು ನನ್ನ ಹತ್ರ ಇರಲಿ."

ಅವಳು ತಿರುಗಿ ನನ್ನ ಮುಖವನ್ನು ನೋಡಿದಳು. ಮಂಜು ಕಣ್ಣಿಗೆ ಎಷ್ಟು ಕಂಡಿತೋ. "ಆತು" ಎಂದಳು.

ಮರುದಿನ ಪಾದ್ರಿ ಬಂದಾಗ ನನ್ನನ್ನೂ ಒಳಗೆ ಕರೆದಳು. ಪಾದ್ರಿ ಇರುವಾಗ ನಾನು ಆ ಕೋಣೆಯಲ್ಲಿ ಕೂತದ್ದು ಅದೇ ಮೊದಲು. "ಆ ಅಧ್ಯಾಯದಲ್ಲಿ ಒಂದು ಸಾಲು ಸೇರಿಸಿ, ಫಾದರ್. ಮೂರನೆಯ ಕರೆಗೆ ಓಗೊಟ್ಟವಳು ನೆರೆಮನೆಯ ಮಾದೇವಿ. ಆಮೇಲಿನ ಮಾತೆಲ್ಲ ತೆಗೀರಿ" ಎಂದಳು.

ಪಾದ್ರಿ ಬೆರಳು ನಿಲ್ಲಿಸಿದ. "ತೆಗೆದ್ರೆ ಮತ್ತೆ ಎಂತ ಉಳೀತದೆ ಅಕ್ಕೋರೇ? ಇಡೀ ಪುಸ್ತಕ ಅದರ ಮೇಲೆ ನಿಂತದ್ದಲ್ವಾ?"

"ನಿಂತದ್ದು ಬೀಳ್ಲಿ. ಸುಳ್ಳು ಆಗೂದು ಬೇಡ."

ಅವನು ನನ್ನ ಕಡೆ ನೋಡಿದ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯಲಿಲ್ಲ, ಬರೆದುಕೊಂಡ. ಆ ಸಾಲು ಈಗಲೂ ಪುಸ್ತಕದಲ್ಲಿದೆ. ಹುಡುಕಿಕೊಂಡು ಮನೆ ನೋಡಲು ಬರುವವರು ಮಾದೇವಿ ಎಂದರೆ ಯಾರು ಎಂದು ಕೇಳುತ್ತಾರೆ, ನಾನು ಎಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಇವಳೋ ಎನ್ನುವ ಹಾಗೆ.

ನನಗೆ ಬೇಕಾದದ್ದು ಸಿಕ್ಕಿತು. ಸಂತೋಷವೂ ಆಯಿತು, ಇಲ್ಲವೆನ್ನುವುದಿಲ್ಲ. ಆದರೆ ಆ ದಿನದಿಂದ ನತಾಲಿ ಕರೆಯುವುದನ್ನು ಬಿಟ್ಟಳು. ಮುಸ್ಸಂಜೆಗೆ ಬತ್ತಿ ಹಚ್ಚುತ್ತಿದ್ದಳು, ಕೂರುತ್ತಿದ್ದಳು, ಬಾಯಿ ಬಿಡುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ನಾನು ಹಾಡಿದರೆ ಗೋಡೆ ನೋಡುತ್ತಿದ್ದಳು. ಬಾಣಂತಿಯ ಪಕ್ಕದಿಂದ ಮಗುವನ್ನು ಎತ್ತಿಕೊಂಡು ಹೋದರೆ ಆ ಹೆಂಗಸು ಹೇಗೆ ಕೂರುತ್ತಾಳೋ ಹಾಗೆ. ಮನೆಯೆಲ್ಲ ಈಗ ನನ್ನದೇ, ಬೆಳಿಗ್ಗೆಯೂ ನನ್ನದು, ಸಂಜೆಯೂ ನನ್ನದು. ಅವಳೇ ಇರಲಿಲ್ಲ. ಅವನನ್ನು ಕರೆಯುವ ನತಾಲಿಯನ್ನೇ ನಾನು ಇಷ್ಟು ವರ್ಷ ನೋಡಿಕೊಂಡು ಬಂದದ್ದು, ಅದನ್ನು ಕಳೆದರೆ ಉಳಿಯುವ ಮುದುಕಿ ಯಾರೆಂದು ನನಗೆ ಗೊತ್ತಿರಲಿಲ್ಲ.

ಚೌತಿ ಹತ್ತಿರ ಬಂದಿತ್ತು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಒಂದು ಮುಸ್ಸಂಜೆ ನಾನು ಅಡುಗೆಮನೆಯಿಂದ ಎದ್ದು ಹೋಗಿ ನಡುಕೋಣೆಯಲ್ಲಿ, ಅವಳ ಕುರ್ಚಿಯ ಪಕ್ಕ, ನೆಲದ ಮೇಲೆ ಕೂತೆ.

"ಕರಿ" ಎಂದೆ.

"ಯಾರನ್ನು?"

"ಯಾರನ್ನು ಕರೀತಿದ್ಯೋ ಅವನನ್ನು. ನಾ ಇಲ್ಲೇ ನಿನ್ನ ಕಣ್ಣೆದುರಿಗೆ ಕೂತೆ. ಬಾಯಿ ಬಿಡೂದಿಲ್ಲ. ಈ ಸಲ ದನಿ ಬಂದ್ರೆ ಅದು ನಂದಲ್ಲ."

"ಹುಚ್ಚು ನಿಂಗೆ."

"ಯಾರಿಗೆ ಹುಚ್ಚು ಅಂತ ಊರಿಗೆ ಗೊತ್ತಿದ್ದು. ಕರಿ."

ಅವಳು ಕಣ್ಣು ಮುಚ್ಚಿದಳು. "ಇದ್ಯಾ?" ಎಂದಳು. ನಾನು ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡೆ. ಹೊರಗೆ ಮಾಡಿನ ನೀರು ತೊಟ್ಟಿಕ್ಕುತ್ತಿತ್ತು, ಹೆದ್ದಾರಿಯಲ್ಲಿ ಲಾರಿಯೊಂದು ಗೇರು ಬದಲಿಸಿತು. ಎರಡನೆಯ ಸಲ ಕರೆದಳು. ಮೂರನೆಯ ಸಲ ಕರೆದಳು. ಆ ದಿನದ ಹಾಗೆಯೇ ಇತ್ತು ಆ ದನಿ, ಕತ್ತಲಿಗೆ ಹೆದರಿದ ಮಗುವಿನದ್ದು. ನನ್ನ ನಾಲಿಗೆಯ ತುದಿಗೆ 'ಎಂತ' ಬಂದು ನಿಂತಿತು. ಹಲ್ಲು ಕಚ್ಚಿ ಹಿಡಿದೆ.

ಕಾದೆವು. ಬತ್ತಿ ಅರ್ಧ ಕರಗಿತು. ಇಗರ್ಜಿಯ ಗಂಟೆಯಾಯಿತು, ಆ ಕಡೆ ಮಸೀದಿಯ ಬಾಂಗೂ ಆಯಿತು. ಯಾರೂ ಮಾತಾಡಲಿಲ್ಲ. ನನಗೆ ಅವನ ಮೇಲೆ ಬಂದ ಸಿಟ್ಟನ್ನು ಎಂತ ಹೇಳಲಿ. ಒಂದು ಮಾತು, ಒಂದು ಹೂಂ, ಅಷ್ಟು ಖರ್ಚು ಮಾಡಿದ್ದರೆ ಅವನ ಗಂಟು ಕರಗುತ್ತಿತ್ತೇ? ನಾನು ಒಂದು ಹೊತ್ತು ಗಂಜಿ ತಡ ಮಾಡಿದರೆ ಇವಳು ಮುಖ ಊದಿಸಿಕೊಳ್ಳುತ್ತಿದ್ದಳು. ಅವನು ಜನ್ಮವಿಡೀ ಒಂದು ಮಾತಾಡದೆ ಕೂತು, ನನಗೆ ಸಿಗದೆ ಹೋದದ್ದನ್ನೆಲ್ಲ ಪಡೆದುಕೊಂಡ. ಅಷ್ಟು ಅಗ್ಗವಾಗಿ ಅಷ್ಟು ಪ್ರೀತಿ ಪಡೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನತಾಲಿ ಕಣ್ಣು ಬಿಟ್ಟಳು. ಮುಖ ನೋಡಲು ನನಗೆ ಹೆದರಿಕೆಯಾಯಿತು, ಆದರೂ ನೋಡಿದೆ. ಅಳುತ್ತಿರಲಿಲ್ಲ. ಎಷ್ಟೋ ದಿನದ ಮೇಲೆ ಹಸಿವಾದವರ ಮುಖದ ಹಾಗಿತ್ತು.

"ಬೇಜಾರಾತಾ?" ಎಂದು ಕೇಳಿದೆ.

"ಇಲ್ಲ" ಎಂದಳು. "ಇಂದು ನಾ ಕರೆದದ್ದನ್ನು ಕೂತು ಕೇಳೂಕೆ ಇಬ್ಬರಿದ್ರು."

ನಾನು ಲೆಕ್ಕ ಹಾಕಿದೆ. ಒಬ್ಬಳು ನಾನು, ಅದರಲ್ಲಿ ಸಂಶಯವಿಲ್ಲ. ಇನ್ನೊಬ್ಬರು ಅವಳೇ ಇರಬಹುದು, ತಾನು ಕರೆದದ್ದನ್ನು ತಾನೂ ಕೇಳಿಸಿಕೊಂಡಳಲ್ಲ. ಅವನೂ ಇರಬಹುದು. ಯಾರು ಎಂದು ಕೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಕೇಳಿದ್ದರೆ ನತಾಲಿ ಸುಳ್ಳು ಹೇಳುತ್ತಿರಲಿಲ್ಲ.